ಅಗ್ಗದ ಕ್ಲ್ಯಾಂಪ್ ಮೀಟರ್: ಬಾಯಿಯನ್ನು ನಂಬಬಹುದು, ಪ್ರೋಬ್ ವಯರನ್ನು ನೋಡಿ ನಂಬಿ

ಹೋದ ಬೇಸಿಗೆ. ತಿಪಟೂರಿನ ಹತ್ತಿರ ನಮ್ಮ ಚಿಕ್ಕಪ್ಪನ ತೆಂಗಿನ ತೋಟದಲ್ಲಿ ಬೋರ್ ಮೋಟರ್ ಪದೇ ಪದೇ ಟ್ರಿಪ್ ಆಗುತ್ತಿತ್ತು. 5 ಎಚ್‌ಪಿ ಸಬ್‌ಮರ್ಸಿಬಲ್, ನೇಮ್‌ಪ್ಲೇಟ್ ಮೇಲೆ 10 ಆಂಪ್ಸ್. ಮೆಕ್ಯಾನಿಕ್ ಬಂದರು, ಟಾಂಗ್ ಟೆಸ್ಟರ್ (ಕ್ಲ್ಯಾಂಪ್ ಮೀಟರಿನ ಇನ್ನೊಂದು ಹೆಸರು, ಬಾಯಿಯಿಂದ ವಯರನ್ನು ಕಚ್ಚಿ ಕರೆಂಟ್ ಅಳೆಯುವ ಸಾಧನ) ತೆಗೆದು ಸ್ಟಾರ್ಟರ್‌ನಿಂದ ಹೊರಡುವ ವಯರಿಗೆ ಕಚ್ಚಿಸಿದರು. 11.7 ತೋರಿಸಿತು. "ಹನ್ನೆರಡರ ಹತ್ರ ಎಳೀತಿದೆ ಯಜಮಾನ್ರೇ, ವೈಂಡಿಂಗ್ ಹೋಗಿದೆ, ಮೇಲೆತ್ತಬೇಕು" ಅಂದರು.

ಮೋಟರ್ ಎತ್ತುವುದು ಸುಮ್ನೆ ಮಾತಲ್ಲ. ಗಾಡಿ ಬರಬೇಕು, ಪೈಪು ಒಂದೊಂದೇ ಬಿಚ್ಚಬೇಕು, ಕೇಬಲ್ ಹುಷಾರಾಗಿ ಸುತ್ತಬೇಕು. ರಿವೈಂಡಿಂಗ್, ಅಂದರೆ ಒಳಗಿನ ತಂತಿ ಮತ್ತೆ ಸುತ್ತಿಸುವ ಖರ್ಚು ಬೇರೆ. ನನ್ನ ಬ್ಯಾಗಿನಲ್ಲೂ ಒಂದು ಕ್ಲ್ಯಾಂಪ್ ಮೀಟರ್ ಇತ್ತು. ಅದೇ ವಯರಿಗೆ ಹಾಕಿದೆ. 10.9. ಎರಡೂ ಅಗ್ಗದವೇ. ಯಾವುದನ್ನು ನಂಬೋದು?

ಆ ಪ್ರಶ್ನೆಗೆ ಉತ್ತರ ಹುಡುಕಿದ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಕ್ಲ್ಯಾಂಪ್ ಮೀಟರ್ ಇಟ್ಟುಕೊಂಡಿರುವ ಯಾರಾದರೂ ಮಾಡಬಹುದು. ಆದರೆ ಡಿಬಿ ಬಾಕ್ಸ್ (ಮನೆಯ ಎಂಸಿಬಿಗಳೆಲ್ಲ ಇರುವ ಡಬ್ಬ) ಅಥವಾ ಸ್ಟಾರ್ಟರ್ ಮುಚ್ಚಳ ತೆಗೆದು ಅಭ್ಯಾಸವೇ ಇಲ್ಲ ಅಂದರೆ ಆ ಭಾಗವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ. ಓದಿ ಕಲಿಯುವ ವಿದ್ಯೆ ಅಲ್ಲ ಅದು.

ಒಂದು ಮೀಟರ್ ಒಳಗೆ ಎರಡು ಮೀಟರ್

ಕ್ಲ್ಯಾಂಪ್ ಮೀಟರಿನ ಬಾಯಿ ಅಂದರೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಒಳಗೆ ಕಬ್ಬಿಣದ ಕೋರ್, ಅದರ ಮೇಲೆ ಸಣ್ಣ ತಂತಿಯ ನೂರಾರು ಸುತ್ತು. ನೀವು ಬಾಯೊಳಗೆ ಹಾಕುವ ವಯರು ಅದರ ಇನ್ನೊಂದು ಬದಿಯ ಒಂದೇ ಒಂದು ಸುತ್ತು. ವಯರಿನ ತಾಮ್ರಕ್ಕೂ ಮೀಟರಿಗೂ ನೇರ ಸಂಪರ್ಕವೇ ಇಲ್ಲ, ನಡುವೆ ವಯರಿನ ಇನ್ಸುಲೇಷನ್, ಬಾಯಿಯ ಪ್ಲಾಸ್ಟಿಕ್ ಎರಡೂ ಇವೆ. ಹಾಗಾಗಿ ಅಗ್ಗದ ಮೀಟರಿನಲ್ಲೂ ಈ ಭಾಗ ಹುಟ್ಟಿನಿಂದಲೇ ಸಾಕಷ್ಟು ಸುರಕ್ಷಿತ. ಮಲ್ಟಿಮೀಟರಿನಲ್ಲಿ ಆಂಪ್ಸ್ ಅಳೆಯಬೇಕಾದರೆ ವಯರು ಬಿಚ್ಚಿ ಮೀಟರನ್ನು ನಡುವೆ ಸೇರಿಸಬೇಕು. ಆಮೇಲೆ ಪ್ರೋಬನ್ನು (ತುದಿಯಲ್ಲಿ ಲೋಹದ ಮೊನೆ ಇರುವ ಅಳೆಯುವ ವಯರು) 10 ಆಂಪ್ಸ್ ತೂತಿನಲ್ಲೇ ಮರೆತು ವೋಲ್ಟೇಜ್ ನೋಡಲು ಹೋಗಿ ಢಂ ಅನ್ನಿಸಿಕೊಂಡವರು ಎಷ್ಟೋ ಜನ. ಬಹುಪಾಲು ಕ್ಲ್ಯಾಂಪ್ ಮೀಟರ್‌ಗಳಲ್ಲಿ ಆ ತೂತೇ ಇರುವುದಿಲ್ಲ.

ಕೆಳಗಿನ ಅರ್ಧದ ಕತೆ ಬೇರೆ. ಕೆಂಪು, ಕಪ್ಪು ಪ್ರೋಬ್ ಸಿಕ್ಕಿಸುವ ಜಾಗ ಅದು. ಅಲ್ಲಿ ಲೈನ್ ವೋಲ್ಟೇಜ್ ನೇರವಾಗಿ ನಿಮ್ಮ ಕೈಯಲ್ಲಿರುವ ಪ್ಲಾಸ್ಟಿಕ್ ಡಬ್ಬದೊಳಕ್ಕೆ ಬರುತ್ತದೆ. ತಯಾರಿಸುವವರು ಕಾಸು ಉಳಿಸಲು ಕೈ ಹಾಕುವುದೂ ಅಲ್ಲಿಯೇ. ಆದ್ದರಿಂದ "ಈ ಮೀಟರ್ ಒಳ್ಳೇದಾ?" ಅಂತ ಒಟ್ಟಾಗಿ ಕೇಳಬೇಡಿ. ಬಾಯಿ ಸರಿಯಾಗಿ ಅಳೆಯುತ್ತದಾ, ಪ್ರೋಬ್ ವಯರಿನ ಕಡೆ ವೋಲ್ಟೇಜ್ ತಡೆಯುತ್ತದಾ, ಎರಡನ್ನೂ ಬೇರೆ ಬೇರೆ ನೋಡಿ.

ಹಂತ 1: ಪುಸ್ತಕದಲ್ಲಿರುವ ಅಂಕಿಯನ್ನು ಬಿಡಿಸಿ ಓದಿ

ಡಬ್ಬದೊಳಗೆ ಒಂದು ಮಡಚಿದ ಕಾಗದ ಇರುತ್ತದಲ್ವಾ, ಯಾರೂ ಓದದ್ದು. ಅದರಲ್ಲಿ ಆಂಪ್ಸ್ ಸಾಲಿನ ಮುಂದೆ ±(2.5% + 5) ಅಂತ ಏನೋ ಇರುತ್ತದೆ. ಜನ 2.5% ನೋಡಿ ಸಮಾಧಾನ ಪಡುತ್ತಾರೆ. ಆಟ ಇರುವುದು ಆ 5ರಲ್ಲಿ. ಅದು ಡಿಸ್‌ಪ್ಲೇಯ ಕೊನೇ ಅಂಕಿಯಲ್ಲಿ 5 ಹೆಚ್ಚು ಅಥವಾ 5 ಕಮ್ಮಿ.

ಮೆಕ್ಯಾನಿಕ್ ಹತ್ತಿರ ಇದ್ದದ್ದು ಹಳೇ ತರಹದ್ದು. ಅದರ ಅತಿ ಚಿಕ್ಕ ರೇಂಜೇ 200 ಆಂಪ್ಸ್, ಕೊನೇ ಅಂಕಿ ಅಂದರೆ 0.1 ಆಂಪ್ಸ್. 11 ಆಂಪ್ಸ್ ಅಳೆಯುವಾಗ ಶೇಕಡಾ ಎರಡೂವರೆ ಅಂದರೆ ಸುಮಾರು 0.28. ಐದು ಅಂಕಿ ಅಂದರೆ 0.5. ಒಟ್ಟು 0.78. ಅಂದರೆ ನಿಜವಾದ 11 ಆಂಪ್ಸನ್ನು ಅದು 10.3 ಅಂತ ತೋರಿಸಿದರೂ ಸರಿ, 11.7 ಅಂದರೂ ಸರಿ. ಎರಡಕ್ಕೂ ಕಂಪನಿಯ ಕಾಗದವೇ ಒಪ್ಪಿಗೆ ಕೊಟ್ಟಿದೆ!

ಅದೇ ಮೀಟರಿನಲ್ಲಿ 100 ಆಂಪ್ಸ್ ಅಳೆದರೆ ಆ ಐದು ಅಂಕಿಗೆ ಲೆಕ್ಕವೇ ಇಲ್ಲ. 100 ವ್ಯಾಟ್‌ನ ಹಳೇ ಬಲ್ಬ್ ಅಳೆಯಲು ಹೋದರೆ? ಬಲ್ಬ್ ಎಳೆಯುವುದು 0.43 ಆಂಪ್ಸ್, ಮೀಟರಿನ ತಪ್ಪು 0.5. ಸೊನ್ನೆ ತೋರಿಸಿದರೂ ದೂರುವ ಹಾಗಿಲ್ಲ. ಮನೆ ಕೆಲಸಕ್ಕೆ ಕೊಳ್ಳುವಾಗ "1000 ಆಂಪ್ಸ್" ಅಂತ ದಪ್ಪಕ್ಷರದಲ್ಲಿ ಇರುವುದಕ್ಕೆ ಮರುಳಾಗಬೇಡಿ. ನಮ್ಮ ಮನೆಯಲ್ಲಿ ಸಾವಿರ ಆಂಪ್ಸ್ ಎಲ್ಲಿಂದ ಬರಬೇಕು? ಅತಿ ಚಿಕ್ಕ ರೇಂಜ್ ಎಷ್ಟು ಅಂತ ಕೇಳಿ. 20 ಅಥವಾ 60 ಆಂಪ್ಸ್ ರೇಂಜ್ ಇದ್ದು, ಎರಡು ಅಂಕಿ ದಶಮಾಂಶ ತೋರಿಸಿದರೆ ಮನೆಗೂ ತೋಟಕ್ಕೂ ಅದು ವಾಸಿ.

ಹಂತ 2: ಗೀಸರ್ ಪರೀಕ್ಷೆ

ಮೀಟರ್ ಸರಿ ಇದೆಯಾ ಅಂತ ನೋಡಲು ಇನ್ನೊಂದು ಒಳ್ಳೇ ಮೀಟರ್ ಬೇಕು. ಲ್ಯಾಬಿಗೆ ಕಳಿಸಿದರೆ ಕ್ಯಾಲಿಬ್ರೇಷನ್ ಖರ್ಚೇ ಮೀಟರಿನ ಬೆಲೆ ದಾಟಬಹುದು. ಆದರೆ ಒಂದು ಒಳ್ಳೇ ಮೀಟರ್ ನಿಮ್ಮ ಮನೆ ಗೋಡೆಯ ಮೇಲೆ ಈಗಾಗಲೇ ಇದೆ. ಕರೆಂಟ್ ಬಿಲ್ ಓದುವ ಮೀಟರ್. ಮನೆಗಳ ಎಲೆಕ್ಟ್ರಾನಿಕ್ ಮೀಟರುಗಳು ಸಾಮಾನ್ಯವಾಗಿ ಕ್ಲಾಸ್ 1, ಅಂದರೆ ತಪ್ಪು ಸುಮಾರು ಶೇಕಡಾ ಒಂದರೊಳಗೆ. ಅದಕ್ಕೆ ಸೀಲ್ ಇರುತ್ತದೆ. ಮುಟ್ಟಬೇಡಿ, ಬರೀ ನೋಡಿ.

ಮೊದಲು ಗೀಸರ್ ಬಿಟ್ಟು ಎಲ್ಲ ಆಫ್ ಮಾಡಿ. ಫ್ರಿಜ್, ಯುಪಿಎಸ್, ವೈಫೈ, ಮೂಲೆಯಲ್ಲಿ ಸಿಕ್ಕಿಸಿ ಮರೆತ ಚಾರ್ಜರ್, ಎಲ್ಲ. ಗೀಸರ್ ಯಾಕೆ ಅಂದರೆ ಅದು ಬರೀ ಕಾಯಿಲ್. ಅದರಲ್ಲಿ ಪವರ್ ಫ್ಯಾಕ್ಟರ್ ತಲೆನೋವು ಇಲ್ಲ, ವೋಲ್ಟ್ ಗುಣಿಸು ಆಂಪ್ಸ್ ಅಂದರೆ ನೇರವಾಗಿ ವ್ಯಾಟ್. ಇಸ್ತ್ರಿ ಪೆಟ್ಟಿಗೆಯೂ ಆದೀತು, ಆದರೆ ಅದರ ಥರ್ಮೋಸ್ಟಾಟ್ ಅರ್ಧಕ್ಕೇ ಕಟ್ ಮಾಡಿ ಕೈ ಕೊಡುತ್ತದೆ. ಗೀಸರಿನಲ್ಲೂ ನೀರು ತಣ್ಣಗಿರುವಾಗಲೇ ಶುರು ಮಾಡಿ.

ಇನ್ನೊಂದು ಮಾತು. ಗೀಸರ್ ಮೇಲೆ 2000 ವ್ಯಾಟ್ ಅಂತ ಬರೆದಿದೆ, ಅದನ್ನು 230ರಿಂದ ಭಾಗಿಸಿ 8.7 ಬರಬೇಕು ಅಂತ ಕೂರಬೇಡಿ. ಬಿಸಿ ಮಾಡುವ ಸಾಮಾನಿನ ವ್ಯಾಟೇಜ್ ಬರೆದದ್ದಕ್ಕಿಂತ 5% ಹೆಚ್ಚು, 10% ಕಮ್ಮಿ ಇರಲು ಸ್ಟ್ಯಾಂಡರ್ಡ್‌ನಲ್ಲೇ ಅವಕಾಶ ಇದೆ. ಮನೆಗೆ ಬರುವ ವೋಲ್ಟೇಜೂ 230 ಆಗಿಯೇ ಇರಬೇಕೆಂದಿಲ್ಲ.

ಈಗ ಗೋಡೆ ಮೀಟರಿನ ಡಿಸ್‌ಪ್ಲೇ ನೋಡಿ. ಈಚಿನ ಎಷ್ಟೋ ಮೀಟರುಗಳಲ್ಲಿ ಯೂನಿಟ್ ಆದ ಮೇಲೆ ವೋಲ್ಟೇಜ್, ಆಂಪ್ಸ್ ಕೂಡ ತಾನಾಗಿಯೇ ಸರದಿಯಲ್ಲಿ ಬಂದು ಹೋಗುತ್ತವೆ. ಬಂದರೆ ನಿಮ್ಮ ಕೆಲಸ ಸುಲಭ. ಬರದಿದ್ದರೆ ಮಿಣುಕುವ ಕೆಂಪು ದೀಪ ಇದೆಯಲ್ಲ, ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. ನಮ್ಮ ಮನೆಯದ್ದು 3200. ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿಕೊಂಡು ಆಮೇಲೆ ನಿಧಾನಕ್ಕೆ ಓಡಿಸಿ ಎಣಿಸಿ. ನೇರವಾಗಿ ಎಣಿಸಲು ಹೋದರೆ ಮೂವತ್ತರ ಹತ್ತಿರ ಲೆಕ್ಕ ತಪ್ಪುತ್ತದೆ, ನನಗೆ ಎರಡು ಸಲ ತಪ್ಪಿತು.

ನನಗೆ ಬಂದದ್ದು ನಿಮಿಷಕ್ಕೆ 98 ಮಿಣುಕು. 98ನ್ನು 3200ರಿಂದ ಭಾಗಿಸಿ, 60ರಿಂದ ಗುಣಿಸಿದರೆ ಸುಮಾರು 1.84 ಕಿಲೋವ್ಯಾಟ್. ಆಗ ವೋಲ್ಟೇಜ್ 221 ಇತ್ತು. 1840ನ್ನು 221ರಿಂದ ಭಾಗಿಸಿದರೆ 8.3 ಆಂಪ್ಸ್. ಗೋಡೆ ಮೀಟರಿನ ಡಿಸ್‌ಪ್ಲೇಯಲ್ಲೂ 8.3. ತಾಳೆಯಾಯಿತು.

ಮೆಕ್ಯಾನಿಕ್ ಅಣ್ಣನ ಮೀಟರನ್ನು ಒಂದು ದಿನಕ್ಕೆ ಅಂತ ಕೇಳಿ ತಂದಿದ್ದೆ. ಗೀಸರಿನ ಫೇಸ್ ವಯರಿಗೆ ಹಾಕಿದಾಗ ಅದು ತೋರಿಸಿದ್ದು 8.9. ನನ್ನದು 8.24. ಅವರದ್ದು ಸುಮಾರು 7% ಜಾಸ್ತಿ, ನನ್ನದು ಒಂದು ಪರ್ಸೆಂಟಿಗಿಂತ ಕಮ್ಮಿ ತಪ್ಪು. ಗಮನಿಸಿ, ಅವರ ಮೀಟರ್ ಕೆಟ್ಟಿರಲಿಲ್ಲ. ಕಾಗದದಲ್ಲಿ ಬರೆದ ಮಿತಿಯೊಳಗೇ ಇತ್ತು.

ಬ್ಯಾಟರಿ ಹೊಸದು ಹಾಕಿ ಈ ಪರೀಕ್ಷೆ ಮಾಡಿ. ಅಗ್ಗದ ಮೀಟರುಗಳಲ್ಲಿ ಬ್ಯಾಟರಿ ಇಳಿದಾಗ ರೀಡಿಂಗ್ ಮೇಲಕ್ಕೆ ಹೋಗುವ ಚಟ ಇದೆ. 230 ಇರುವ ಕಡೆ 260 ತೋರಿಸಿ ಸ್ಟೆಬಿಲೈಜರ್ ಕೊಳ್ಳುವಂತೆ ಮಾಡಿದ ಬ್ಯಾಟರಿಗಳೂ ಇವೆ.

ಹಂತ 3: ಬಾಯಿ ಹಾಕುವ ಕ್ರಮ

ಪ್ರೋಬ್ ವಯರನ್ನು ಮೊದಲು ಮೀಟರಿನಿಂದ ಕಿತ್ತು ಪಕ್ಕಕ್ಕಿಡಿ. ಬಾಯಿಯಿಂದ ಅಳೆಯುವಾಗ ಅದು ನೇತಾಡುತ್ತಿರಬಾರದು.

ಬಾಯೊಳಗೆ ಒಂದೇ ವಯರು ಇರಬೇಕು. ಫೇಸ್ ಮಾತ್ರ ಅಥವಾ ನ್ಯೂಟ್ರಲ್ ಮಾತ್ರ. ಮಿಕ್ಸಿಯ ಕೇಬಲ್ಲಿಗೆ ಹಾಗೇ ಹಾಕಿ "ಸೊನ್ನೆ ಬರ್ತಿದೆ, ಮೀಟರ್ ಡಬ್ಬಾ" ಅಂದವರಲ್ಲಿ ನಾನೂ ಒಬ್ಬ. ಹೋಗುವ ಕರೆಂಟ್, ವಾಪಸ್ ಬರುವ ಕರೆಂಟ್ ಎರಡೂ ಒಂದನ್ನೊಂದು ಕಳೆದುಕೊಳ್ಳುತ್ತವೆ. ಹಾಗೆ ಎರಡನ್ನೂ ಸೇರಿಸಿ ಹಾಕಿದಾಗ ಸೊನ್ನೆ ಬರದೆ ಏನೋ ಉಳಿದರೆ, ಅಷ್ಟು ಕರೆಂಟ್ ಅರ್ಥ್ ಕಡೆಗೆ ಸೋರುತ್ತಿರಬಹುದು. ಆದರೆ ಅದು ಮಿಲಿಆಂಪ್ಸ್ ಲೆಕ್ಕ. ಕರೆಂಟ್ ಸೋರಿದರೆ ಲೈನ್ ಕಟ್ ಮಾಡುವ ಮನೆಯ ಆರ್‌ಸಿಸಿಬಿ ಸಾಮಾನ್ಯವಾಗಿ ಬೀಳುವುದೇ 30 ಮಿಲಿಆಂಪ್ಸ್ ಒಳಗೆ. 0.1 ಆಂಪ್ಸ್‌ಗಿಂತ ಕೆಳಗೆ ಕಾಣದ ಮೀಟರಿನಲ್ಲಿ ಅದನ್ನು ಹುಡುಕಬೇಡಿ.

ವಯರು ಬಾಯಿಯ ನಡುಮಧ್ಯೆ, ನೇರವಾಗಿ ಇರಲಿ. ಅನೇಕ ಮೀಟರುಗಳಲ್ಲಿ ಗುರುತು ಹಾಕಿರುತ್ತಾರೆ. ಪಕ್ಕದಲ್ಲಿ ಜಾಸ್ತಿ ಕರೆಂಟ್ ಹರಿಯುವ ಇನ್ನೊಂದು ವಯರು ಇದ್ದರೆ ದೂರ ಸರಿಸಿ. ಬಾಯಿ ಪೂರ್ತಿ ಮುಚ್ಚಿದೆಯಾ ನೋಡಿ. ಎರಡು ತುಟಿ ಸೇರುವಲ್ಲಿ ಧೂಳು, ತೆಂಗಿನ ನಾರು, ಗ್ರೀಸು ಕೂತರೆ ರೀಡಿಂಗ್ ಇಳಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಚಿಕ್ಕ ಲೋಡ್ ಅಳೆಯಲು ಒಂದು ಉಪಾಯ. ಇನ್ಸುಲೇಷನ್ ಇರುವ ಫೇಸ್ ವಯರನ್ನು ಬಾಯೊಳಗೆ 10 ಸುತ್ತು ಸುತ್ತಿ, ಬಂದ ಅಂಕಿಯನ್ನು 10ರಿಂದ ಭಾಗಿಸಿ. ಆ ಬಲ್ಬಿನ 0.43 ಈಗ 4.3 ಆಗಿ ಕಾಣುತ್ತದೆ, ಮೀಟರಿನ ಅರ್ಧ ಆಂಪ್ಸ್ ತಪ್ಪು ಹತ್ತರಲ್ಲಿ ಒಂದು ಪಾಲಾಗುತ್ತದೆ. ನಾನು ಇದಕ್ಕೆಂದೇ ಒಂದು ಎಕ್ಸ್‌ಟೆನ್ಷನ್ ಮಾಡಿಟ್ಟಿದ್ದೇನೆ. ಪ್ಲಗ್ಗಿನಿಂದ ಸಾಕೆಟ್ಟಿಗೆ ಮೂರು ಬೇರೆ ಬೇರೆ ವಯರು, ಫೇಸ್ ಮಾತ್ರ ಉದ್ದ, ಸುತ್ತಲು ಬರುವಂತೆ. ಸುತ್ತುವಾಗ ಪ್ಲಗ್ ಹೊರಗಿರಲಿ.

ಬರಿಮೈ ತಂತಿಗೆ, ಬಸ್‌ಬಾರಿಗೆ (ಪ್ಯಾನೆಲ್ಲಿನ ಬರಿ ಲೋಹದ ಪಟ್ಟಿ), ಕಂಬದ ಲೈನಿಗೆ ಮಾತ್ರ ಅಗ್ಗದ ಮೀಟರಿನ ಬಾಯಿ ಹಾಕಬೇಡಿ. ಬಾಯಿ ಸುರಕ್ಷಿತ ಅಂದದ್ದು ಇನ್ಸುಲೇಷನ್ ಇರುವ ವಯರಿಗೆ.

ಹಂತ 4: ಯಾವುದನ್ನು ಅಳೆಯಲು ಬರುವುದಿಲ್ಲ ಅಂತ ತಿಳಿಯಿರಿ

ಗೀಸರಿನಲ್ಲಿ ಪಾಸ್ ಆದ ಮೀಟರ್ ಎಲ್‌ಇಡಿ ಬಲ್ಬಿನಲ್ಲಿ ಫೇಲ್ ಆಗಬಹುದು. ಅಗ್ಗದ ಮೀಟರುಗಳಲ್ಲಿ ಹೆಚ್ಚಿನವು ಅಲೆಯ ಸರಾಸರಿ ತೆಗೆದು 1.11ರಿಂದ ಗುಣಿಸಿ ತೋರಿಸುತ್ತವೆ. ಅಲೆ ನುಣುಪಾಗಿದ್ದರೆ ಮಾತ್ರ ಆ ಲೆಕ್ಕ ಸರಿ. ಎಲ್‌ಇಡಿ, ಕಂಪ್ಯೂಟರ್, ಟಿವಿ ಕರೆಂಟನ್ನು ಚೂಪು ಚೂಪಾಗಿ ಎಳೆಯುತ್ತವೆ. ಅಲ್ಲಿ ಇಂಥ ಮೀಟರ್ ನಿಜಕ್ಕಿಂತ ಬಹಳ ಕಮ್ಮಿ ತೋರಿಸುತ್ತದೆ, ಕೆಲವೊಮ್ಮೆ ಶೇಕಡಾ 40ರಷ್ಟು. ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನ ಔಟ್‌ಪುಟ್ಟಿನಲ್ಲಿ ಉಲ್ಟಾ, ಸುಮಾರು 11% ಜಾಸ್ತಿ. ಮೈ ಮೇಲೆ "ಟ್ರೂ ಆರ್‌ಎಂಎಸ್" ಅಂತ ಇದ್ದರೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಆ ಎರಡು ಪದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಡಬಹುದು.

ಡಿಸಿ ಇನ್ನೂ ಅಪಾಯದ್ದು. ಬರೀ ಎಸಿ ಅಳೆಯುವ ಬಾಯಿಗೆ ಡಿಸಿ ಕಾಣುವುದೇ ಇಲ್ಲ. ಸೋಲಾರ್ ಪ್ಯಾನೆಲ್‌ನಿಂದ ಬರುವ ವಯರಿನಲ್ಲಿ 8 ಆಂಪ್ಸ್ ಹರಿಯುತ್ತಿದ್ದರೂ ಸೊನ್ನೆ ತೋರಿಸುತ್ತದೆ. ಆ ಸೊನ್ನೆ ನಂಬಿ ಕನೆಕ್ಟರ್ ಎಳೆದರೆ ಕಿಡಿ ನಿಮ್ಮ ಕೈಯಲ್ಲಿ. ಡಿಸಿ ಬೇಕಾದರೆ ಹಾಲ್ ಸೆನ್ಸರ್ ಇರುವ ಎಸಿ-ಡಿಸಿ ಕ್ಲ್ಯಾಂಪ್ ತೆಗೆದುಕೊಳ್ಳಿ, ಪ್ರತಿ ಸಲ ಅಳೆಯುವ ಮುಂಚೆ ಝೀರೋ ಬಟನ್ ಒತ್ತಿ.

ಹಂತ 5: ಪ್ರೋಬ್ ವಯರಿನ ತಪಾಸಣೆ

ಪ್ರೋಬ್ ಸಿಕ್ಕಿಸುವ ತೂತಿನ ಹತ್ತಿರ ಕ್ಯಾಟ್ (ಕೆಟಗರಿ, ಅಂದರೆ ಎಂಥ ಜಾಗಕ್ಕೆ ಮೀಟರ್ ತಡೆಯುತ್ತದೆ ಅನ್ನುವ ದರ್ಜೆ) ಅಂತ ಬರೆದು ರೋಮನ್ ಅಂಕಿ, ಪಕ್ಕದಲ್ಲಿ ವೋಲ್ಟೇಜ್ ಇರುತ್ತದೆ. ಕ್ಯಾಟ್ 2 ಅಂದರೆ ಪ್ಲಗ್ ಹಾಕಿ ಬಳಸುವ ಸಾಮಾನುಗಳಿಗೆ. ಕ್ಯಾಟ್ 3 ಅಂದರೆ ಕಟ್ಟಡದೊಳಗಿನ ವೈರಿಂಗ್, ಡಿಬಿ, ಮೋಟರ್ ಪ್ಯಾನೆಲ್. ಕ್ಯಾಟ್ 4 ಅಂದರೆ ಕಂಬದಿಂದ ಬರುವ ಸರ್ವಿಸ್ ವಯರು, ಬಿಲ್ ಮೀಟರ್ ಇರುವ ಜಾಗ.

230 ವೋಲ್ಟಿಗೆ 600 ವೋಲ್ಟ್ ಮೀಟರ್ ಧಾರಾಳ ಆಯಿತಲ್ಲ ಅನ್ನಿಸುತ್ತದೆ. ಮೀಟರನ್ನು ಸುಡುವುದು ಆ 230 ಅಲ್ಲ. ದೂರದಲ್ಲಿ ಸಿಡಿಲು ಹೊಡೆದಾಗ, ಪಕ್ಕದಲ್ಲಿ ದೊಡ್ಡ ಮೋಟರ್ ಆಫ್ ಆದಾಗ ಲೈನಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ವೋಲ್ಟ್ ಎದ್ದು ಬೀಳುತ್ತದೆ. ಅದು ಮೀಟರಿನೊಳಗೆ ಕಿಡಿ ಹೊತ್ತಿಸಿದರೆ, ಆ ಕಿಡಿಯ ದಾರಿಯಲ್ಲೇ ಲೈನಿನ ಪೂರ್ತಿ ಕರೆಂಟ್ ನುಗ್ಗುತ್ತದೆ. ಕ್ಯಾಟ್ 2, 600 ವೋಲ್ಟ್ ಮೀಟರಿಗೆ ಪರೀಕ್ಷೆಯಲ್ಲಿ 4000 ವೋಲ್ಟ್ ಹೊಡೆತ ಕೊಡುತ್ತಾರೆ, 12 ಓಮ್ ರೆಸಿಸ್ಟೆನ್ಸ್ ಮೂಲಕ. ಅಂದರೆ ಹೆಚ್ಚೆಂದರೆ 330 ಆಂಪ್ಸ್ ಚಿಲ್ಲರೆ. ಕ್ಯಾಟ್ 3, 600 ವೋಲ್ಟಿಗೆ 6000 ವೋಲ್ಟ್, ಅದೂ 2 ಓಮ್ ಮೂಲಕ. ಅಂದರೆ 3000 ಆಂಪ್ಸ್. ಹಾಗಾಗಿ ಕ್ಯಾಟ್ 2, 1000 ವೋಲ್ಟ್ ಅನ್ನುವ ಮೀಟರಿಗಿಂತ ಕ್ಯಾಟ್ 3, 600 ವೋಲ್ಟ್ ಅನ್ನುವುದೇ ಗಟ್ಟಿ. ತ್ರೀ ಫೇಸ್ ಕೆಲಸಕ್ಕೆ ಕ್ಯಾಟ್ 3 ಇದ್ದರೂ 300 ವೋಲ್ಟ್ ಸಾಲದು, ಎರಡು ಫೇಸ್ ನಡುವೆ 415 ಇರುತ್ತದಲ್ಲ.

ಅಚ್ಚು ಹಾಕಿದ ಮಾತ್ರಕ್ಕೆ ಪರೀಕ್ಷೆ ಮಾಡಿದ್ದಾರೆ ಅಂತ ಅಲ್ಲ. ಸಿಇ ಗುರುತು ಸಾಮಾನ್ಯವಾಗಿ ತಯಾರಿಸಿದವರೇ ಹಾಕಿಕೊಳ್ಳುವುದು. ಯುಎಲ್, ಇಟಿಎಲ್, ಟಿಯುವಿ ತರಹದ ಹೊರಗಿನ ಲ್ಯಾಬಿನ ಗುರುತು ಇದ್ದರೆ ಭರವಸೆ ಜಾಸ್ತಿ. ಮೈ ಮೇಲೆ ಯಾವ ಕ್ಯಾಟೂ ಇಲ್ಲದ, ಬರೀ "750 ವೋಲ್ಟ್" ಅಂತ ಗುಂಡಿಯ ಸುತ್ತ ಬರೆದ ಮೀಟರ್ ಇದ್ದರೆ ಅದರ ಪ್ರೋಬುಗಳನ್ನು ಡಿಬಿ ಹತ್ತಿರ ಒಯ್ಯಬೇಡಿ. ಬಾಯಿ ಮಾತ್ರ ಬಳಸಿ.

ಪ್ರೋಬಿಗೂ ಬೇರೆಯಾಗಿ ಕ್ಯಾಟ್ ಇರುತ್ತದೆ. ಮೀಟರಿನದ್ದು ಒಂದು, ಪ್ರೋಬಿನದ್ದು ಒಂದು ಆದರೆ ಕಮ್ಮಿ ಇರುವುದೇ ಲೆಕ್ಕ. ತುದಿಯ ಲೋಹ ನೋಡಿ. ಕ್ಯಾಟ್ 3 ಕೆಲಸಕ್ಕೆ 4 ಮಿಲಿಮೀಟರಿಗಿಂತ ಜಾಸ್ತಿ ಹೊರಗೆ ಕಾಣಬಾರದು. ಉದ್ದ ಇದ್ದರೆ ಕೈ ಜಾರಿದಾಗ ಎರಡು ಫೇಸ್ ಒಟ್ಟಿಗೆ ಮುಟ್ಟುತ್ತದೆ. ಬೆರಳು ಮುಂದೆ ಜಾರದಂತೆ ತಡೆ ಇರಬೇಕು. ಆಮೇಲೆ ಗುಂಡಿಯನ್ನು ಕಂಟಿನ್ಯುಟಿಗೆ (ಬೀಪ್ ರೇಂಜಿಗೆ) ತಿರುಗಿಸಿ ಎರಡು ತುದಿ ಸೇರಿಸಿ ವಯರನ್ನು ಬುಡದಲ್ಲಿ ಅಲ್ಲಾಡಿಸಿ. ಬೀಪ್ ಕಡಿದು ಕಡಿದು ಬಂದರೆ ಒಳಗೆ ಎಳೆ ತುಂಡಾಗಿದೆ. ಬಿಸಾಕಿ. ಜೊತೆಗೆ ಬಂದ ವಯರು ಕಡ್ಡಿಯಂತೆ ಸೆಟೆದಿದ್ದರೆ, ಬೇರೆ ಒಳ್ಳೇ ಪ್ರೋಬ್ ಕೊಂಡು ಹಾಕಿ. ಆದರೆ ಪ್ರೋಬ್ ಬದಲಿಸಿದ್ದಕ್ಕೆ ಮೀಟರಿನ ಹೊಟ್ಟೆ ಗಟ್ಟಿಯಾಗುವುದಿಲ್ಲ.

ಹಂತ 6: ಕರೆಂಟ್ ಇಲ್ಲ ಅಂತ ಖಾತ್ರಿ ಮಾಡುವುದು

ಸೊನ್ನೆ ಅನ್ನುವುದು ಎಲ್ಲಕ್ಕಿಂತ ಅಪಾಯದ ರೀಡಿಂಗ್. ಬ್ಯಾಟರಿ ಸತ್ತಿರಬಹುದು, ಪ್ರೋಬ್ ತುಂಡಾಗಿರಬಹುದು, ಗುಂಡಿ ಬೇರೆ ಕಡೆ ಇರಬಹುದು. ನನಗೆ ಒಮ್ಮೆ ಹೋಲ್ಡ್ ಬಟನ್ ಕೈಕೊಟ್ಟಿತು. ಬೆರಳು ತಾಗಿ ಒತ್ತಿಹೋಗಿ, ಹಳೇ 0.0 ಅಲ್ಲೇ ನಿಂತಿತ್ತು. ಇನ್ನೇನು ಸ್ಕ್ರೂ ಬಿಚ್ಚಬೇಕು, ಅಷ್ಟರಲ್ಲಿ ಡಿಸ್‌ಪ್ಲೇ ಮೂಲೆಯ ಪುಟ್ಟ ಅಕ್ಷರ ಕಣ್ಣಿಗೆ ಬಿತ್ತು. ಅವತ್ತಿನಿಂದ ಈ ಕ್ರಮ ತಪ್ಪಿಸಿಲ್ಲ:

1. ಕರೆಂಟ್ ಇರುವುದು ಗೊತ್ತಿರುವ ಪಾಯಿಂಟ್ ಅಳೆಯಿರಿ. 230ರ ಆಸುಪಾಸು ಬರಬೇಕು.
2. ಕೆಲಸ ಮಾಡಬೇಕಾದ ಪಾಯಿಂಟ್ ಅಳೆಯಿರಿ. ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ.
3. ಮತ್ತೆ ಮೊದಲಿನ ಪಾಯಿಂಟಿಗೆ ಹೋಗಿ ಅಳೆಯಿರಿ. ಮೀಟರ್ ಇನ್ನೂ ಬದುಕಿದೆ ಅಂತ ಆಮೇಲೆ ಒಪ್ಪಿಕೊಳ್ಳಿ.

ವಯರಿನ ಹತ್ತಿರ ಹಿಡಿದರೆ ಬೀಪ್ ಮಾಡುವ ಎನ್‌ಸಿವಿ ಸೌಲಭ್ಯ ಇದೆಯಲ್ಲ, ಅದು ಕರೆಂಟ್ ಇದೆ ಅಂದರೆ ನಂಬಿ, ಇಲ್ಲ ಅಂದರೆ ನಂಬಬೇಡಿ. ಇದರ ಉಲ್ಟಾ ತಮಾಷೆಯೂ ಉಂಟು. ಆಫ್ ಮಾಡಿದ ವಯರಿನಲ್ಲಿ 60, 80 ವೋಲ್ಟ್ ಕಾಣುತ್ತದೆ. ಪಕ್ಕದ ವಯರಿನಿಂದ ಹರಿದು ಬಂದ ಪೊಳ್ಳು ವೋಲ್ಟೇಜ್ ಅದು ಇರಬಹುದು. ನಮ್ಮ ಎಲೆಕ್ಟ್ರಿಷಿಯನ್ನುಗಳ ಹಳೇ ಟೆಸ್ಟ್ ಲ್ಯಾಂಪ್ (ಎರಡು ವಯರು ಕಟ್ಟಿದ ಬಲ್ಬ್) ಹಾಕಿದರೆ ಪೊಳ್ಳಾಗಿದ್ದದ್ದು ತಕ್ಷಣ ಮಾಯ ಆಗುತ್ತದೆ.

ಓಮ್ಸ್, ಬೀಪ್ ರೇಂಜಿನಲ್ಲಿ ಇಟ್ಟುಕೊಂಡು ಕರೆಂಟ್ ಇರುವಲ್ಲಿ ಮುಟ್ಟಬೇಡಿ. ಒಳ್ಳೇ ಮೀಟರ್ ತಡೆದುಕೊಳ್ಳುತ್ತದೆ. ಆರೇಳು ನೂರು ರೂಪಾಯಿಯದ್ದು ತಡೆದುಕೊಳ್ಳುತ್ತದೆ ಅಂತ ನಾನಂತೂ ಹೇಳಲಾರೆ.

ಮತ್ತೆ ಬೋರ್ ಹತ್ತಿರ

ಎರಡು ಮೀಟರುಗಳ ತಪ್ಪು ಗೊತ್ತಾದ ಮೇಲೆ ತೋಟಕ್ಕೆ ವಾಪಸ್ ಹೋದೆವು. ಮೆಕ್ಯಾನಿಕ್ ಅಣ್ಣನ ಮೀಟರಿನಲ್ಲೇ ಮೂರೂ ಫೇಸ್ ಅಳೆದೆವು. 11.7, 11.6, 11.8. ಏಳು ಪರ್ಸೆಂಟ್ ತಪ್ಪಿರುವ ಮೀಟರ್ ಮೂರು ವಯರಿಗೂ ಒಂದೇ ತರಹ ತಪ್ಪುತ್ತದೆ, ಹಾಗಾಗಿ ಹೋಲಿಸಲು ಅದೇ ಸಾಕು. ಮೂರೂ ಹೆಚ್ಚುಕಮ್ಮಿ ಒಂದೇ ಇದ್ದದ್ದು ನೋಡಿ ಅವರೇ "ವೈಂಡಿಂಗ್ ಹೋಗಿದ್ರೆ ಒಂದಾದ್ರೂ ಏರುಪೇರಾಗ್ಬೇಕಿತ್ತು" ಅಂದರು.

ಆಮೇಲೆ ನನ್ನ ಕ್ಯಾಟ್ 3, 600 ವೋಲ್ಟ್ ಮೀಟರಿನಲ್ಲಿ, ಮೇನ್ ಎಂಸಿಬಿ ಆದ ಮೇಲಿನ ಪಾಯಿಂಟಿನಲ್ಲಿ, ಕಾಲಿಗೆ ರಬ್ಬರ್ ಚಪ್ಪಲಿ, ಕೆಳಗೆ ಒಣ ಹಲಗೆ ಹಾಕಿಕೊಂಡು ವೋಲ್ಟೇಜ್ ನೋಡಿದೆ. ಫೇಸ್-ಫೇಸ್ ನಡುವೆ 370, 372, 368. ಇರಬೇಕಾದದ್ದು 415. ಪಂಪು ಎತ್ತಬೇಕಾದ ನೀರು ಅಷ್ಟೇ, ವೋಲ್ಟೇಜ್ ಕಮ್ಮಿ, ಆಂಪ್ಸ್ ಏರದೆ ಇನ್ನೇನಾಗುತ್ತದೆ? ನಿಜವಾದ 11 ಆಂಪ್ಸಿಗೆ 10ಕ್ಕೆ ಇಟ್ಟ ಓವರ್‌ಲೋಡ್ ರಿಲೇ ಬೀಳುತ್ತಿತ್ತು, ಅದರ ಕೆಲಸ ಅದು ಮಾಡುತ್ತಿತ್ತು. ರಿಲೇಯನ್ನು 12ಕ್ಕೆ ತಿರುಗಿಸಿಬಿಡೋಣ ಅಂತ ಚಿಕ್ಕಪ್ಪ ಎರಡು ಸಲ ಹೇಳಿದರು. ಬೇಡ ಅಂದೆವು. ಸುತ್ತಲಿನ ಮೋಟರುಗಳೆಲ್ಲ ಒಟ್ಟಿಗೆ ಓಡುವ ಹೊತ್ತು ಬಿಟ್ಟು, ರಾತ್ರಿ ಓಡಿಸಿ ನೋಡಿದೆವು. ವೋಲ್ಟೇಜ್ 405ರ ಮೇಲೆ ಇತ್ತು, ನನ್ನ ಮೀಟರಿನಲ್ಲಿ 10.0, ಟ್ರಿಪ್ ಆಗಲಿಲ್ಲ.

ಮೋಟರ್ ಇನ್ನೂ ಬೋರಿನೊಳಗೇ ಇದೆ. ಮೆಕ್ಯಾನಿಕ್ ಅಣ್ಣ ಮೀಟರ್ ವಾಪಸ್ ತೆಗೆದುಕೊಂಡು ಹೋಗುವಾಗ ಅದರ ಬೆನ್ನಿಗೆ ಒಂದು ಬಿಳಿ ಸ್ಟಿಕ್ಕರ್ ಅಂಟಿಸಿಕೊಂಡರು. ಬಾಲ್‌ಪೆನ್ನಿನಲ್ಲಿ ಬರೆದದ್ದು ಇಷ್ಟು: "8.3ಕ್ಕೆ 8.9. ಸ್ಟಾರ್ಟರ್ ಒಳಗೆ ಪ್ರೋಬ್ ಬೇಡ."